ಕೈ ಕಲಿಸುವ ಕತೆಗಳು: ವಿಡಿಯೋ ಗೇಮ್ ಮತ್ತು ಕಾರವಾರ–ಅಂಕೋಲೆಯ ಕರಾವಳಿ



ದತ್ತಿ ಉಪನ್ಯಾಸ ಎಂದೊಡನೆ ಕಾವ್ಯ, ಜಾನಪದ, ಸ್ವಾತಂತ್ರ್ಯ ಹೋರಾಟದಂಥ ವಿಷಯಗಳು ನೆನಪಾಗುವುದು ಸಹಜ. ಅಂಥ ಪರಂಪರೆಯ ವೇದಿಕೆಯನ್ನು ವಿಡಿಯೋ ಗೇಮ್‌ಗೆ ಬಿಟ್ಟುಕೊಟ್ಟ ಸಂಘಟಕರಿಗೆ ಮೊದಲ ಕೃತಜ್ಞತೆ. ಇದು ಮಕ್ಕಳ ವಿಷಯವಲ್ಲವೇ ಎಂದು ಕೇಳುವವರು ಇಲ್ಲಿಯೂ ಇರಬಹುದು. ಸಿನಿಮಾ ಹೊಸದಾಗಿ ಬಂದಾಗಲೂ ಹಿರಿಯರು ಮೂಗು ಮುರಿದಿದ್ದರು. ಕಾದಂಬರಿಯೂ ಒಂದು ಕಾಲಕ್ಕೆ ಅದೇ ಮಾತು ಕೇಳಿಸಿಕೊಂಡಿತ್ತು. ಈಗ ಎರಡೂ ಪಠ್ಯಪುಸ್ತಕದೊಳಗಿವೆ.

ಈ ಉಪನ್ಯಾಸಕ್ಕೆ ನಾಲ್ಕು ಭಾಗಗಳಿವೆ. ವಿಡಿಯೋ ಗೇಮ್ ಎಂಬ ಕಲೆ ಯಾವ ಬಗೆಯಲ್ಲಿ ಅರ್ಥ ಹೇಳುತ್ತದೆ ಎಂಬುದು ಮೊದಲನೆಯದು. ಈ ಉದ್ಯಮದಲ್ಲಿ ಕರ್ನಾಟಕದ ಪಾಲು ಮತ್ತು ನಮ್ಮ ಕರಾವಳಿಗೆ ಆಟಗಳು ಬಂದ ಬಗೆ ಎರಡನೆಯದು. ಮನೆಮನೆಯಲ್ಲಿರುವ ಆತಂಕ, ಅದಕ್ಕೆ ಕಾನೂನು ಮತ್ತು ವೈದ್ಯಶಾಸ್ತ್ರ ಕೊಟ್ಟಿರುವ ಉತ್ತರ ಮೂರನೆಯದು. ಕಾರವಾರ–ಅಂಕೋಲೆಯ ಕತೆಗಳು ಆಟವಾಗುವ ದಾರಿ ಯಾವುದು ಎಂಬುದು ಕೊನೆಯದು. ಹೆಚ್ಚು ಹೊತ್ತು ಹಿಡಿಯುವುದೂ ಅದೇ. ನಾಲ್ಕು ಭಾಗಗಳಲ್ಲೂ ಹರಿಯುವ ವಾದ ಒಂದೇ. ಆಟ ಅರ್ಥವನ್ನು ನಿಯಮಗಳ ಮೂಲಕ, ಆಡುವವರ ಕೈಯಿಂದ ಕೆಲಸ ಮಾಡಿಸುವ ಮೂಲಕ ಹೇಳುತ್ತದೆ. ಉಪ್ಪು ಮಾಡುವ, ಬಲೆ ಎಳೆಯುವ, ಬೀಜ ಆರಿಸುವ ಅರಿವನ್ನು ತಲೆಮಾರುಗಳಿಂದ ಕೈಯಿಂದ ಕೈಗೆ ದಾಟಿಸಿಕೊಂಡು ಬಂದಿರುವ ಈ ಕರಾವಳಿಗೆ ಇದರಷ್ಟು ಹೊಂದುವ ಹೊಸ ಕಲೆ ಇನ್ನೊಂದಿಲ್ಲ.

ಮೊದಲ ಭಾಗಕ್ಕೆ ಬರೋಣ.

1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಸೂಪರ್ ಮಾರಿಯೋ ಬ್ರದರ್ಸ್ ಎಂಬ ಆಟವನ್ನು ಹೊರತಂದಿತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದರ ವಿನ್ಯಾಸಕರು. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ನಿಂಟೆಂಡೊದ ಅಸಲಿ ಯಂತ್ರ ನಮ್ಮ ಊರುಗಳನ್ನು ಮುಟ್ಟಲಿಲ್ಲ. ಅದರ ನಕಲುಗಳು ‘ಟಿ.ವಿ. ಗೇಮ್’ ಎಂಬ ಹೆಸರಿನಲ್ಲಿ ಬಂದವು. ಅದಕ್ಕೆ ತುರುಕುವ ತುಂಡನ್ನು ನಾವೆಲ್ಲ ‘ಕ್ಯಾಸೆಟ್’ ಎಂದೆವು. ‘9999 ಇನ್ 1’ ಎಂದು ಅಚ್ಚಾಗಿದ್ದ ಕ್ಯಾಸೆಟ್‌ನಲ್ಲಿ ಇರುತ್ತಿದ್ದವು ಬೆರಳೆಣಿಕೆಯ ಆಟಗಳು, ಅವುಗಳಲ್ಲಿ ಮಾರಿಯೋ ಒಂದು.

ಆ ಆಟದ ಮೊದಲ ಒಂದು ನಿಮಿಷವನ್ನು ಹತ್ತಿರದಿಂದ ನೋಡೋಣ. ಮಾರಿಯೋ ಪರದೆಯ ಎಡಭಾಗದಲ್ಲಿ ನಿಂತಿದ್ದಾನೆ, ಬಲಗಡೆ ಬಯಲು. ಯಾರೂ ಏನೂ ಹೇಳುವುದಿಲ್ಲ, ಆದರೂ ಎಲ್ಲರೂ ಬಲಕ್ಕೇ ನಡೆಯುತ್ತಾರೆ. ನಾಲ್ಕು ಹೆಜ್ಜೆಗೆ ಮೇಲೆ ಮಿನುಗುವ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ, ಕೆಳಗೆ ಎದುರಿನಿಂದ ಗುಮ್ಮನಂಥ ಒಂದು ಪ್ರಾಣಿ. ಜಿಗಿಯದಿದ್ದರೆ ಸಾವು, ಆದರೆ ಆಟ ಶುರುವಾಗಿ ಕೆಲವೇ ಕ್ಷಣಗಳಾಗಿರುವುದರಿಂದ ಕಳೆದುಕೊಂಡದ್ದು ಏನೂ ಇಲ್ಲ. ಎರಡನೇ ಸಲ ಜಿಗಿದಾಗ ತಲೆ ಪೆಟ್ಟಿಗೆಗೆ ತಾಗಿ ನಾಣ್ಯ ಹಾರುತ್ತದೆ. ಮುಂದಿನ ಪೆಟ್ಟಿಗೆಯಿಂದ ಒಂದು ಅಣಬೆ ಹೊರಬಂದು ಬಲಕ್ಕೆ ಜಾರಿ, ಕೆಳಗೆ ಬಿದ್ದು, ಹಸಿರು ಕೊಳವೆಗೆ ಬಡಿದು ಮಾರಿಯೋ ಕಡೆಗೇ ತಿರುಗುತ್ತದೆ. ಹಿಂದಿನ ಪ್ರಾಣಿಯನ್ನು ಕಂಡು ಹೆದರಿದವನು ಇದನ್ನೂ ದಾಟಲು ಜಿಗಿಯುತ್ತಾನೆ. ಮೇಲಿನ ಇಟ್ಟಿಗೆಗೆ ತಲೆ ತಾಗಿ ಬಹುಮಟ್ಟಿಗೆ ಅಣಬೆಯ ಮೇಲೇ ಬೀಳುತ್ತಾನೆ. ಮಾರಿಯೋ ದೊಡ್ಡವನಾಗುತ್ತಾನೆ! ಯಾವುದು ಅಪಾಯ, ಯಾವುದು ವರ, ಜಿಗಿತದ ಎತ್ತರ ಎಷ್ಟು ಎಂಬ ಪಾಠಗಳೆಲ್ಲ ಒಂದೇ ಒಂದು ಅಕ್ಷರವಿಲ್ಲದೆ ಕೈಗೆ ಬಂದಿರುತ್ತವೆ. ಓದು ಬಾರದ ಮಗುವೂ ಇದನ್ನು ಕಲಿಯುತ್ತದೆ. ಕಲಿಕೆಯನ್ನು ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಒಪ್ಪವಾಗಿ ಜೋಡಿಸಿದ ಕೃತಿಯನ್ನು ಕಲೆ ಎನ್ನಲು ಹಿಂಜರಿಯಬೇಕಾಗಿಲ್ಲ.

ಕಲಿಸುವುದು ಮಾತ್ರವಲ್ಲ, ಯೋಚನೆಗೆ ಹಚ್ಚುವುದೂ ನಿಯಮಗಳಿಗೆ ಸಾಧ್ಯ. 2013ರಲ್ಲಿ ಲ್ಯೂಕಾಸ್ ಪೋಪ್ ಎಂಬ ಒಬ್ಬನೇ ವಿನ್ಯಾಸಕ ರೂಪಿಸಿದ ಪೇಪರ್ಸ್, ಪ್ಲೀಸ್ ಆಟದಲ್ಲಿ ಆಡುವವರು ಒಂದು ಸರ್ವಾಧಿಕಾರಿ ದೇಶದ ಗಡಿಯಲ್ಲಿ ಕುಳಿತ ಗುಮಾಸ್ತರು. ಪಾಸ್‌ಪೋರ್ಟ್ ನೋಡಿ ಠಸ್ಸೆ ಒತ್ತುವುದೇ ಕೆಲಸ. ಗಂಡನಿಗೆ ಪರವಾನಗಿ ಸರಿಯಿದೆ, ಹೆಂಡತಿಯದರಲ್ಲಿ ಒಂದು ಕಾಗದ ಕೊರತೆ. ಬಿಟ್ಟರೆ ದಂಡ ಬೀಳಬಹುದು, ಮನೆಯಲ್ಲಿ ಮಗನಿಗೆ ಔಷಧಿಗೆ ದುಡ್ಡು ಸಾಲದು. ನಿರಂಕುಶ ಆಡಳಿತದ ಬಗ್ಗೆ ಭಾಷಣ ಮಾಡದೆಯೇ ಅದರ ಹಿಂಸೆ ಆಡುವವರ ಹೆಬ್ಬೆರಳಿಗೆ ತಾಗುತ್ತದೆ.

ಸಂಗೀತದ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಸುಲಭವಾಗಿ ಹೊಳೆಯುವ ಒಂದು ಹೋಲಿಕೆಯಿದೆ. ಸಿನಿಮಾದ ಹಿನ್ನೆಲೆ ಸಂಗೀತ ಒಮ್ಮೆ ಮುದ್ರಣವಾದರೆ ಮುಗಿಯಿತು. ಆಟದಲ್ಲಿ ಆಡುವವರು ಎಷ್ಟು ಹೊತ್ತು ನಿಲ್ಲುತ್ತಾರೆ, ಯಾವಾಗ ಓಡುತ್ತಾರೆ ಎಂಬುದು ಸಂಗೀತಗಾರನಿಗೆ ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ರಾಗವನ್ನು ಪದರಪದರವಾಗಿ ಕಟ್ಟಿ, ಶತ್ರು ಹತ್ತಿರ ಬಂದಾಗ ತಾಳವಾದ್ಯ ಏರುವಂತೆ, ಅಪಾಯ ಕಳೆದಾಗ ಇಳಿಯುವಂತೆ ಅಳವಡಿಸುತ್ತಾರೆ. ಯಕ್ಷಗಾನದ ಭಾಗವತರು ವೇಷಧಾರಿಯ ಹೆಜ್ಜೆಯ ಮೇಲೆ ಕಣ್ಣಿಟ್ಟು ಪದವನ್ನು ಎತ್ತರಿಸುವುದು, ಅವರ ಸೂಚನೆಗೆ ಚಂಡೆ ಮದ್ದಳೆಗಳು ಬಿರುಸಾಗುವುದು ಇದೇ ಕ್ರಮ. ಬಡಗುತಿಟ್ಟಿನ ರಂಗಸ್ಥಳದ ಮುಂದೆ ಬೆಳೆದ ಕಿವಿಗೆ ಈ ವಿದ್ಯೆ ಹೊಸತಲ್ಲ.

ಈಗ ಎರಡನೆಯ ಭಾಗಕ್ಕೆ, ಕರ್ನಾಟಕದ ಪಾಲಿನ ಕಡೆಗೆ ಹೊರಳೋಣ.

ಆಟಗಳನ್ನು ವಿನ್ಯಾಸ ಮಾಡುವ ಹವ್ಯಾಸ ಈ ನಾಡಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಜೊತೆ ಬಂದದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಹಲಗೆಯಾಟಗಳನ್ನೂ ಗಂಜೀಫಾ ಎಲೆಯಾಟಗಳನ್ನೂ ಸ್ವತಃ ರೂಪಿಸಿದರು. ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗಳಿಗೂ ಒಂದೊಂದೇ ಸಲ ಓಡಿಸುವ ಸಮಸ್ಯೆಗೆ ಅವರು ಕಂಡ ಪರಿಹಾರಗಳು ಚದುರಂಗದ ಇತಿಹಾಸಕಾರರ ಗಮನ ಸೆಳೆದಿವೆ. ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿ ಮೀಸಲಾಗಿರುವುದು ಆಟಗಳಿಗೇ. ಅರಮನೆಯಲ್ಲಿ ದೇವತಾಮೂರ್ತಿಗಳ ಲಕ್ಷಣದ ಜೊತೆಗೆ ಆಟದ ನಿಯಮಗಳೂ ಒಂದೇ ಗ್ರಂಥದೊಳಗೆ ಗೌರವದಿಂದ ಕೂತಿದ್ದವು.

ಆಧುನಿಕ ಅಧ್ಯಾಯ ಆರಂಭವಾದದ್ದು 1997ರಲ್ಲಿ. ಆ ವರ್ಷ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಸ್ಥಾಪಿಸಿದರು. ಭಾರತದ ಮೊದಲ ಗೇಮ್ ಸ್ಟುಡಿಯೋಗಳ ಮಾತು ಬಂದರೆ ಮುಂಚೂಣಿಯ ಹೆಸರು ಅದು. ಮಿಷನ್ ಇಂಪಾಸಿಬಲ್ ಆಟದ ಕೆಲಸದಿಂದ ಶುರುಮಾಡಿ, ಮುಂದೆ ಫೋರ್ಜಾ ಸರಣಿಯ ಕಾರುಗಳು, ಸೀ ಆಫ್ ಥೀವ್ಸ್‌ನ ಕಡಲುಗಳ್ಳರ ಲೋಕ ಮುಂತಾದವುಗಳ ಚಿತ್ರಕಲೆಯಲ್ಲಿ ಅಲ್ಲಿನ ಕಲಾವಿದರು ಕೈಜೋಡಿಸಿದರು. 2019ರಲ್ಲಿ ಆ ಸ್ಟುಡಿಯೋವನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡು, ಬೆಂಗಳೂರಿನಲ್ಲಿ ಆಗಲೇ ಇದ್ದ ತನ್ನ ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿಸಿಕೊಂಡಿತು. 2018ರ ರೆಡ್ ಡೆಡ್ ರಿಡೆಂಪ್ಷನ್ 2 ಆಟದಲ್ಲಿ ಕುದುರೆಯ ಮೇಲೆ ಕೂತು ಹಿಮದ ಬೆಟ್ಟ ದಾಟಿದವರು ನೆನಪಿಡಬೇಕಾದದ್ದು, ಆ ಲೋಕವನ್ನು ಕಟ್ಟಿದವರ ಹೆಸರಿನ ಪಟ್ಟಿಯಲ್ಲಿ ಬೆಂಗಳೂರಿನ ಬಹಳಷ್ಟು ಮಂದಿ ಇದ್ದಾರೆ.

ಜಗತ್ತಿನ ಆಟಗಾರರೆಲ್ಲ ತುದಿಗಾಲಲ್ಲಿ ನಿಂತು ಕಾಯುತ್ತಿರುವ ಗ್ರ್ಯಾಂಡ್ ಥೆಫ್ಟ್ ಆಟೋ 6 ಕೂಡ ಅದೇ ರಾಕ್‌ಸ್ಟಾರ್‌ನದು. ಮೊದಲ ಟ್ರೇಲರ್ 2023ರ ಡಿಸೆಂಬರ್‌ನಲ್ಲಿ ಬಂತು. ಬಿಡುಗಡೆ ಮುಂದೆ ಹೋಗುತ್ತಲೇ ಬಂದು, ಕಂಪನಿ ಕೊನೆಗೆ ಘೋಷಿಸಿರುವ ದಿನಾಂಕ 2026ರ ನವೆಂಬರ್ 19. ಸಿನಿಮಾಗಳಿಗೂ ಸಿಗದಷ್ಟು ನಿರೀಕ್ಷೆ ಒಂದು ಆಟದ ಸುತ್ತ ಹಬ್ಬಿರುವುದು ಗೇಮಿಂಗ್ ಸಂಸ್ಕೃತಿಯ ಇಂದಿನ ಗಾತ್ರಕ್ಕೆ ಸಾಕ್ಷಿ.

ಗಾತ್ರ ಒಂದೇ ಅಳತೆಗೋಲಲ್ಲ ಎಂಬುದಕ್ಕೂ ಈಚಿನ ಉದಾಹರಣೆಗಳಿವೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಹಾಲೋ ನೈಟ್: ಸಿಲ್ಕ್‌ಸಾಂಗ್ ಆಟ ಆಸ್ಟ್ರೇಲಿಯಾದ ಅಡಿಲೇಡ್‌ನ ಬೆರಳೆಣಿಕೆಯ ಮಂದಿಯ ತಂಡದ್ದು. ಅದೇ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಎನಿಸಿದ ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪಿಡಿಷನ್ 33 ಹುಟ್ಟಿದ್ದು ಪ್ಯಾರಿಸ್‌ನಲ್ಲಲ್ಲ, ದಕ್ಷಿಣ ಫ್ರಾನ್ಸಿನ ಮೊಂಪೆಲಿಯೇ ಎಂಬ ಊರಿನಲ್ಲಿ. ಹಳ್ಳಿಯ ಬೇಸಾಯ, ಮೀನುಗಾರಿಕೆ, ನೆರೆಹೊರೆಯ ಸ್ನೇಹಗಳೇ ವಸ್ತುವಾಗಿರುವ ಸ್ಟಾರ್‌ಡ್ಯೂ ವ್ಯಾಲಿಯನ್ನು (2016) ಚಿತ್ರ, ಸಂಗೀತ, ಕತೆ ಸಮೇತ ಎರಿಕ್ ಬರೋನ್ ಎಂಬ ಒಬ್ಬನೇ ಕಟ್ಟಿದ. ಅದರ ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ರಾಜಧಾನಿಯಿಂದ ದೂರ ಇರುವುದು ಈ ಕಲೆಯಲ್ಲಿ ಅನರ್ಹತೆಯಲ್ಲ.

ಇನ್ನು ನಮ್ಮ ಕರಾವಳಿಗೆ ಆಟ ಬಂದ ದಾರಿ. ಟಿ.ವಿ. ಗೇಮ್ ಕಾಲದ ನಂತರ ಸೈಬರ್ ಕೆಫೆಗಳ ಕಾಲ. ಗಂಟೆಗೆ ಇಷ್ಟೆಂದು ಕೊಟ್ಟು ಕೌಂಟರ್ ಸ್ಟ್ರೈಕ್, ವೈಸ್ ಸಿಟಿ, ರೋಡ್ ರ‍್ಯಾಶ್ ಆಡಿದ ತಲೆಮಾರು ಈಗ ಮಕ್ಕಳಿಗೆ ಬುದ್ಧಿ ಹೇಳುವ ವಯಸ್ಸಿಗೆ ಬಂದಿದೆ. ನೋಕಿಯಾ ಫೋನಿನ ಹಾವಿನ ಆಟ ಅಜ್ಜಿಯಂದಿರ ಕೈಗೂ ಬಂತು. 2016ರ ನಂತರ ಅಗ್ಗದ ಡೇಟಾ, ಸ್ಮಾರ್ಟ್‌ಫೋನ್ ಎರಡೂ ಕೈಗೆಟುಕಿ ಪಬ್‌ಜಿ ಮೊಬೈಲ್ ಊರೂರಿಗೆ ಹಬ್ಬಿತು. 2020ರ ಲಾಕ್‌ಡೌನ್ ದಿನಗಳಲ್ಲಿ ಲೂಡೊ ಕಿಂಗ್ ದೂರದೂರದ ನೆಂಟರನ್ನು ಒಂದೇ ಹಲಗೆಯ ಸುತ್ತ ಸೇರಿಸಿತು. ಆ ವರ್ಷದ ಸೆಪ್ಟೆಂಬರ್ 2ರಂದು ಪಬ್‌ಜಿಗೆ ನಿಷೇಧ ಬಿತ್ತು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಭಾರತೀಯ ಆವೃತ್ತಿ ಬಂತು, ಮರುವರ್ಷ ಮತ್ತೆ ಮಾಯವಾಯಿತು, 2023ರ ಮೇ ತಿಂಗಳಲ್ಲಿ ಮರಳಿತು. ಬೆಟ್ಟದ ಮೇಲೇರಿದರೆ ಮಾತ್ರ ನೆಟ್‌ವರ್ಕ್ ಸಿಗುವ ಹಳ್ಳಿಗಳು ಈಗಲೂ ಇರುವ ಈ ಜಿಲ್ಲೆಯಲ್ಲಿ ‘ಪಿಂಗ್ (ನೆಟ್‌ವರ್ಕಿನ ತಡ) ಎಷ್ಟು ಬರ್ತದೆ?’ ಎಂಬುದು ಯುವಕರ ನಿತ್ಯದ ಪ್ರಶ್ನೆ. ಸ್ಕ್ವಾಡ್ ಕೂತಾಗ ಕಿವಿಗೊಟ್ಟು ಕೇಳಿ: ಕನ್ನಡ, ಕೊಂಕಣಿ, ಹಿಂದಿ ಒಂದೇ ಉಸಿರಿನಲ್ಲಿ ಬೆರೆಯುತ್ತವೆ. ಲೂಟ್, ರಶ್, ರಿವೈವ್ ಎಂಬ ಮಾತುಗಳ ನಡುವೆ ‘ಅಲ್ಲೇ ನಿಲ್ಲು ಮಾರಾಯ, ಬಂದೆ’ ಎಂದು ಬಿದ್ದ ಗೆಳೆಯನನ್ನು ಎಬ್ಬಿಸಲು ಓಡುವವರಿದ್ದಾರೆ. ಒಬ್ಬಂಟಿಯಾಗಿ ಕೂತಂತೆ ಹೊರಗಿನಿಂದ ಕಾಣುವ ಮಗ, ಒಳಗೆ ನಾಲ್ಕು ಜನರ ಬಳಗದಲ್ಲಿರುತ್ತಾನೆ.

ಇಲ್ಲಿ ಕುಳಿತಿರುವ ತಾಯಂದಿರಿಗೆ ಈ ಮಾತು ಪೂರ್ತಿ ಸಮಾಧಾನ ಕೊಡಲಾರದು. ಅದಕ್ಕಾಗಿಯೇ ಮೂರನೆಯ ಭಾಗ.

ಆತಂಕ ಎರಡು ಬಗೆಯದು: ಹಣದ್ದು ಮತ್ತು ಚಟದ್ದು. ಎರಡನ್ನೂ ಬೇರೆಬೇರೆ ನೋಡಬೇಕು. ರಮ್ಮಿ, ಪಣದ ಕ್ರಿಕೆಟ್ ತಂಡ ಕಟ್ಟುವ ಆ್ಯಪ್‌ಗಳಲ್ಲಿ ಮನೆಯ ಉಳಿತಾಯ ಕರಗಿದ ಸುದ್ದಿಗಳನ್ನು ಓದಿ ಜನ ‘ಆನ್‌ಲೈನ್ ಗೇಮ್’ ಎಂಬ ಒಂದೇ ತಕ್ಕಡಿಯಲ್ಲಿ ಎಲ್ಲವನ್ನೂ ತೂಗುತ್ತಾರೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದಾಗಿಸಿದ್ದು ಸರಿಯಲ್ಲವೆಂಬ ವಾದ ಎದ್ದು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಮಾಡಿತು. ನಂತರ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಅದು ಮೂರು ಗುಂಪು ಮಾಡುತ್ತದೆ: ಇ–ಸ್ಪೋರ್ಟ್ಸ್, ಸಾಮಾಜಿಕ ಆಟಗಳು, ಹಣದ ಆಟಗಳು. ಮೊದಲೆರಡಕ್ಕೆ ಉತ್ತೇಜನ, ಮೂರನೆಯದಕ್ಕೆ ನಿಷೇಧ. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ. ಇ–ಸ್ಪೋರ್ಟ್ಸ್ ಅನ್ನು ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲೇ ಕ್ರೀಡೆಯಾಗಿ ಗುರುತಿಸಿತ್ತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಕ್ಕೆ ಪದಕಗಳೂ ಇದ್ದವು.

ಕಾನೂನು ಗೆರೆ ಎಳೆದ ಮೇಲೂ ಒಂದು ಸಂದಿ ಉಳಿದಿದೆ. ಒಳಗೇನಿದೆ ಎಂದು ತಿಳಿಯದೆ ಹಣ ಕೊಟ್ಟು ತೆರೆಯುವ ‘ಲೂಟ್ ಬಾಕ್ಸ್’ಗಳು ಮಕ್ಕಳ ಆಟಗಳಲ್ಲೂ ಇವೆ. ಬೆಲ್ಜಿಯಂ 2018ರಲ್ಲೇ ಇವನ್ನು ಜೂಜು ಎಂದು ಪರಿಗಣಿಸಿತು. ಫೋನಿನಲ್ಲಿ ತಂದೆ ತಾಯಿಯ ಯುಪಿಐ ಪಿನ್ ಮಗುವಿಗೆ ಗೊತ್ತಿರಬಾರದು ಎಂಬುದು ಈ ಮಟ್ಟಿಗೆ ಮೊದಲ ಎಚ್ಚರ.

ಚಟದ ವಿಷಯ ವೈದ್ಯರಿಗೆ ಬಿಟ್ಟದ್ದು, ಅವರು ಸ್ಪಷ್ಟವಾಗಿಯೇ ಮಾತಾಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಅದರಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಲಕ್ಷಣ ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸ–ಆಸಕ್ತಿಗಳಿಗಿಂತ ಆಟವೇ ಮೇಲಾಗುವುದು, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸಲಾಗದಿರುವುದು. ಸಾಮಾನ್ಯವಾಗಿ ಇವು ಹನ್ನೆರಡು ತಿಂಗಳಾದರೂ ಮುಂದುವರಿದಿರಬೇಕು. ಪರೀಕ್ಷೆ ಮುಗಿದ ವಾರ ಹಗಲಿಡೀ ಆಡಿದ ಹುಡುಗ ಈ ವಿವರಣೆಯೊಳಗೆ ಬರುವುದಿಲ್ಲ. ಶಾಲೆ ಬಿಟ್ಟು, ಊಟ ನಿದ್ದೆ ಬಿಟ್ಟು, ಗೆಳೆಯರನ್ನೂ ದೂರಮಾಡಿಕೊಂಡವನು ಬರುತ್ತಾನೆ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಕ್ಲಿನಿಕ್ ತೆರೆದಿದೆ. ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದೇ ಭಾರತದಲ್ಲಿ ಆರಂಭವಾದ ಮೊದಲ ಸೇವೆಗಳಲ್ಲಿ ಅದೂ ಒಂದು. ಸಹಾಯ ಕೇಳುವುದಕ್ಕೆ ನಾಚಿಕೆ ಬೇಡ.

ಇದರ ಜೊತೆಗೆ ಒಂದು ಸರಳ ಕ್ರಮವಿದೆ. ಸಿನಿಮಾಕ್ಕೆ ‘ಎ’ ಪ್ರಮಾಣಪತ್ರ ಇರುವಂತೆ ಆಟಗಳಿಗೂ ವಯಸ್ಸಿನ ಗುರುತು ಇರುತ್ತದೆ. ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ಐದನೆಯ ಆಟ ಯುರೋಪಿನಲ್ಲಿ 18 ವರ್ಷ ದಾಟಿದವರಿಗೆ ಮಾತ್ರ. ಆರನೆಯದು ಬಂದಾಗ ಹತ್ತು ವರ್ಷದ ಮಗ ಎಷ್ಟೇ ಹಠ ಹಿಡಿದರೂ ಆ ಗುರುತನ್ನು ಓದಿ ನಿರ್ಧರಿಸುವ ಹೊಣೆ ಹಿರಿಯರದೇ. ಹಾಗೆಯೇ ವಾರದಲ್ಲಿ ಒಂದು ಸಂಜೆ ಮಗುವಿನ ಪಕ್ಕ ಕೂತು, ಎರಡನೇ ರಿಮೋಟ್ ಹಿಡಿದು ಆಡಿದವರಿಗೆ ಆತಂಕದ ಅರ್ಧ ಭಾರ ಇಳಿದಿರುತ್ತದೆ, ಯಾಕೆಂದರೆ ಆಮೇಲೆ ಮಾತು ಆಟದ ಒಳಗಿನಿಂದ ನಡೆಯುತ್ತದೆ.

ಕೊನೆಯ ಭಾಗಕ್ಕೆ ಬಂದಿದ್ದೇವೆ. ಈ ಕರಾವಳಿಯ ಕತೆಗಳು ಆಟವಾಗುವುದು ಹೇಗೆ? ಜಗತ್ತಿನ ಮೂರು ಉದಾಹರಣೆಗಳಿಂದ ಶುರುಮಾಡೋಣ.

ಮೊದಲನೆಯದು ಅಲಾಸ್ಕದ್ದು. ಅಲ್ಲಿನ ಮೂಲನಿವಾಸಿಗಳ ಸಂಸ್ಥೆಯಾದ ಕುಕ್ ಇನ್‌ಲೆಟ್ ಬುಡಕಟ್ಟು ಮಂಡಳಿ, ತನ್ನ ಜನರ ಕತೆಯನ್ನು ಎಳೆಯರಿಗೆ ತಲುಪಿಸಲು 2014ರಲ್ಲಿ ನೆವರ್ ಅಲೋನ್ ಎಂಬ ಆಟ ಹೊರತಂದಿತು. ಮುಗಿಯದ ಹಿಮಗಾಳಿಯ ಮೂಲವನ್ನು ಹುಡುಕಿ ಹೊರಟ ಹುಡುಗಿ ಮತ್ತು ಅವಳ ಜೊತೆಗಾರ ನರಿಯ ಕತೆ ಅದು. ನಿರೂಪಣೆ ಇನ್ಯುಪಿಯಾಕ್ ಭಾಷೆಯಲ್ಲೇ ಇದೆ, ಕೆಳಗೆ ಅಕ್ಷರದಲ್ಲಿ ಅನುವಾದ. ಸುಮಾರು ನಲವತ್ತು ಹಿರಿಯರು, ಕತೆಗಾರರು ಅದರಲ್ಲಿ ಪಾಲ್ಗೊಂಡರು. ಮೂಲ ಕತೆ ಹೇಳಿದ್ದ ಹಿರಿಯರ ಮಗಳನ್ನು ಕಂಡು ಒಪ್ಪಿಗೆ ಪಡೆದ ನಂತರವೇ ಅದನ್ನು ಬಳಸಿದರು. ಆಡುತ್ತ ಹೋದಂತೆ ಆ ಸಮುದಾಯದವರೇ ತಮ್ಮ ಬದುಕಿನ ಬಗ್ಗೆ ಮಾತಾಡುವ ಪುಟ್ಟ ಚಿತ್ರಗಳು ತೆರೆದುಕೊಳ್ಳುತ್ತವೆ.

ಅಂಕೋಲೆಯವರಿಗೆ ಇದನ್ನು ಕೇಳಿದೊಡನೆ ಇಲ್ಲಿನ ಹಾಲಕ್ಕಿ ಒಕ್ಕಲಿಗ ಸಮುದಾಯ ನೆನಪಾಗಬೇಕು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು, ಎಲ್ಲರ ಸುಕ್ರಜ್ಜಿ, ಹಾಡುಗಳ ಭಂಡಾರವೆಂದೇ ಹೆಸರಾಗಿ 2017ರಲ್ಲಿ ಪದ್ಮಶ್ರೀ ಪಡೆದರು. 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ಸಮುದಾಯದ, ಹೊನ್ನಳ್ಳಿಯ ತುಳಸಿ ಗೌಡರು ಅದಕ್ಕೆ ಎರಡು ತಿಂಗಳ ಮೊದಲು ಹೋದರು. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದುಡಿದ ಅವರಿಗೆ ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವ ಹೊತ್ತಿಗೆ ಆರಿಸಬೇಕು ಎಂಬುದು ಕಣ್ಣಳತೆಯಲ್ಲೇ ಗೊತ್ತಿತ್ತು. ಆ ಅರಿವನ್ನು ಪುಸ್ತಕದಲ್ಲಿ ವಿವರಿಸಬಹುದು, ಚಿತ್ರದಲ್ಲಿ ತೋರಿಸಬಹುದು. ಆಟದಲ್ಲಾದರೆ ಮಗು ತಾನೇ ಮರಗಳ ನಡುವೆ ನಡೆದು, ತೊಗಟೆ ನೋಡಿ, ಬೇಗ ಕಿತ್ತರೆ ಮೊಳಕೆ ಬಾರದೆ, ತಡಮಾಡಿದರೆ ಬೀಜ ಸಿಗದೆ, ಸರಿಯಾದ ಹೊತ್ತನ್ನು ತಾನಾಗಿ ಕಂಡುಕೊಳ್ಳಬಹುದು. ಅಲಾಸ್ಕದಿಂದ ಕಲಿಯಬೇಕಾದ ಷರತ್ತು ಒಂದೇ: ಹಾಲಕ್ಕಿ ಹಿರಿಯರ ಒಪ್ಪಿಗೆ, ಅವರ ಪಾಲುದಾರಿಕೆ, ಅವರದೇ ಆಡುಮಾತು.

ಎರಡನೆಯ ಉದಾಹರಣೆ ಜಪಾನಿನ ಸುಶಿಮಾ ದ್ವೀಪ. ಅಮೆರಿಕದ ಸಕರ್ ಪಂಚ್ ಸ್ಟುಡಿಯೋ 2020ರಲ್ಲಿ ಗೋಸ್ಟ್ ಆಫ್ ಸುಶಿಮಾ ಹೊರತಂದ ಮೇಲೆ ಆ ದ್ವೀಪದ ಹೆಸರು ಜಗತ್ತಿನ ಬಾಯಲ್ಲಿ ಆಡತೊಡಗಿತು. ಅದೇ ವರ್ಷ ಚಂಡಮಾರುತಕ್ಕೆ ಅಲ್ಲಿನ ವತತ್ಸುಮಿ ದೇಗುಲದ ಕಮಾನು ಉರುಳಿತು. ಅದನ್ನು ಮತ್ತೆ ನಿಲ್ಲಿಸಲು ದೇಗುಲ ಕೇಳಿದ್ದು 50 ಲಕ್ಷ ಯೆನ್, ಆಟದ ಅಭಿಮಾನಿಗಳೂ ಕೈಜೋಡಿಸಿ ಕೂಡಿದ್ದು 2.7 ಕೋಟಿಗೂ ಹೆಚ್ಚು. ಟಾಗೋರ್ ಕಡಲತೀರದ ಚಪಲ್ ಸಮರನೌಕೆ, ಕಾಳಿ ನದಿ ಕಡಲು ಸೇರುವ ಅಳಿವೆ, ಆಚೆ ದಡದ ಸದಾಶಿವಗಡದ ಗುಡ್ಡ: ಇವನ್ನು ನಿತ್ಯ ನೋಡುವ ಕಾರವಾರದವರಿಗೆ ತಮ್ಮ ಊರು ಎಂಥ ಆಟದ ಅಂಗಳ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಪೋಲೆಂಡಿನ ದಿಸ್ ವಾರ್ ಆಫ್ ಮೈನ್ (2014). ಯುದ್ಧದ ಆಟಗಳಲ್ಲಿ ನಾವು ಸದಾ ಸೈನಿಕರು. ಇದರಲ್ಲಿ ಮುತ್ತಿಗೆಗೆ ಸಿಕ್ಕ ನಗರದ ಸಾಮಾನ್ಯರು. ಹಸಿವಿಗೆ ಸೋತು ವೃದ್ಧ ದಂಪತಿಯ ಮನೆಯಿಂದ ಆಹಾರ, ಔಷಧಿ ಕದ್ದರೆ ಬದುಕುತ್ತೇವೆ, ಆದರೆ ನಮ್ಮ ಪಾತ್ರಗಳು ಪಶ್ಚಾತ್ತಾಪದಲ್ಲಿ ಕುಸಿಯುತ್ತವೆ. 2020ರಲ್ಲಿ ಪೋಲೆಂಡ್ ಸರ್ಕಾರ ಈ ಆಟವನ್ನು ಪ್ರೌಢಶಾಲೆಯ ಹಿರಿಯ ವಿದ್ಯಾರ್ಥಿಗಳ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಅರಗಾದ ಕದಂಬ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಕಡಲು, ಗದ್ದೆ, ದೇವಸ್ಥಾನ ಬಿಟ್ಟು ಎದ್ದ ನೆಲ ನಮ್ಮದು. ಮನೆ ಬಿಡುವಾಗ ಏನು ಕೊಂಡೊಯ್ಯಬೇಕು, ಏನು ಬಿಡಬೇಕು ಎಂಬ ಆಯ್ಕೆಯನ್ನು ಆಡುವವರ ಕೈಗೆ ಕೊಡುವ ಆಟ ಇಲ್ಲಿಂದಲೇ ಬರಬೇಕು. ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆಯನ್ನೇ ವಸ್ತುವಾಗಿಸಿಕೊಂಡ ಕೆನಡಾದ ವೆಣ್ಬಾ, 2024ರಲ್ಲಿ ಚೊಚ್ಚಲ ಕೃತಿಗೆ ಕೊಡುವ ಬಾಫ್ಟಾ ಪ್ರಶಸ್ತಿ ಗೆದ್ದಿದೆ. ನೆಲದ ಕತೆಗೆ ಜಗತ್ತಿನಲ್ಲಿ ಕಿವಿಯಿದೆ.

ಒಂದು ಆಟವನ್ನು ಇಲ್ಲಿಯೇ ಕಟ್ಟಿ ನೋಡೋಣ. 1930ರ ಏಪ್ರಿಲ್‌ನಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಕರ್ನಾಟಕದ ಸತ್ಯಾಗ್ರಹಕ್ಕೆ ಅಂಕೋಲೆಯೇ ಮುಖ್ಯ ನೆಲೆ. ನಮ್ಮ ಆಟದ ನಾಯಕಿ ಕೊಡ ಹೊತ್ತ ಒಬ್ಬ ಕಾಲ್ಪನಿಕ ಹುಡುಗಿ. ಕಡಲಿನ ನೀರು ತುಂಬಿಕೊಂಡು ಊರಿಗೆ ತರಬೇಕು. ಕೊಡ ತುಂಬಿದಷ್ಟೂ ನಡಿಗೆ ನಿಧಾನ. ಓಡಿದರೆ ನೀರು ಚೆಲ್ಲುತ್ತದೆ, ಚೆಲ್ಲಿದಷ್ಟು ಉಪ್ಪು ಕಡಿಮೆ. ನೀರು ಕಾಯಿಸುವಾಗ ಉರಿ ಹೆಚ್ಚಾದರೆ ಹೊಗೆ ಪೊಲೀಸರಿಗೆ ಕಾಣುತ್ತದೆ, ಕಡಿಮೆಯಾದರೆ ಹೊತ್ತು ಮೀರುತ್ತದೆ. ಪೊಲೀಸರು ಬಂದು ಮಡಕೆ ಒಡೆದರೆ? ಇಲ್ಲಿದೆ ಆಟದ ತಿರುಳು: ಈ ಆಟದಲ್ಲಿ ಹೊಡೆಯುವ ಗುಂಡಿಯೇ ಇಲ್ಲ. ಕೂರಬಹುದು, ನಿಲ್ಲಬಹುದು, ಪಕ್ಕದವರ ಕೈ ಹಿಡಿಯಬಹುದು, ಮತ್ತೆ ಕಡಲಿಗೆ ಹೋಗಬಹುದು. ಹುಡುಗಿಯ ಜೊತೆ ಕೈ ಹಿಡಿದವರು ಹೆಚ್ಚಾದಂತೆ ಒಡೆಯಲು ಬಂದವರ ಹೆಜ್ಜೆ ತಡೆಯುತ್ತದೆ. ಅಹಿಂಸೆ ಎಂಬ ಪಾಠವನ್ನು ಹನ್ನೆರಡು ವರ್ಷದ ವಿದ್ಯಾರ್ಥಿ ಪರೀಕ್ಷೆಗೆ ಬರೆದು ಮರೆಯಬಹುದು. ಗುಂಡಿ ಹುಡುಕಿ ಸಿಗದೆ ಬೇರೆ ದಾರಿ ಯೋಚಿಸಿದ ಬೆರಳು ಅಷ್ಟು ಬೇಗ ಮರೆಯುವುದಿಲ್ಲ.

ಇನ್ನೊಂದು, ರಂಪಣಿ. ಹತ್ತಾರು ಜನ ದಡದಲ್ಲಿ ನಿಂತು ಎರಡೂ ತುದಿಯ ಹಗ್ಗವನ್ನು ಒಂದೇ ಲಯದಲ್ಲಿ ಎಳೆಯುವ ಬಲೆ ಅದು. ಸ್ವೀಡನ್ನಿನ ಇಟ್ ಟೇಕ್ಸ್ ಟು (2021) ಆಟವನ್ನು ಒಬ್ಬರೇ ಆಡಲು ಬರುವುದೇ ಇಲ್ಲ, ಇಬ್ಬರು ಬೇಕೇ ಬೇಕು. ರಂಪಣಿಯ ಆಟವನ್ನೂ ಹಾಗೆಯೇ ಕಟ್ಟಬೇಕು: ಒಂದು ಕಡೆ ಅವಸರಪಟ್ಟರೆ ಬಲೆ ವಾಲಿ ಮೀನು ತಪ್ಪಿಸಿಕೊಳ್ಳುವಂತೆ.

ಇಂಥವನ್ನು ಕಟ್ಟಲು ಸಾಧನ ಬೇಕಲ್ಲವೇ? ಅರ್ಜೆಂಟೀನಾದ ಇಬ್ಬರು ಆರಂಭಿಸಿ 2014ರಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟ ಗೊಡೊ ಎಂಬ ಗೇಮ್ ಎಂಜಿನ್ ಉಚಿತ. ಕಾಲೇಜು ಪ್ರಯೋಗಾಲಯದ ಹಳೆಯ ಕಂಪ್ಯೂಟರಿನಲ್ಲೂ ಚಿಕ್ಕ ಆಟಗಳಿಗೆ ಸಾಲುತ್ತದೆ. ಕನ್ನಡಿಗರಿಗೆ ಅದರಲ್ಲಿ ಮತ್ತೊಂದು ಅನುಕೂಲವಿದೆ. ಹಲವು ಎಂಜಿನ್‌ಗಳಲ್ಲಿ ‘ಯಕ್ಷಗಾನ’ ಎಂದು ಟೈಪಿಸಿದರೆ ‘ಕ’ದ ಪಕ್ಕದಲ್ಲಿ ‘ಷ’ ಬಿಡಿಯಾಗಿ ನಿಂತು ಒತ್ತಕ್ಷರ ಮುರಿಯುತ್ತಿತ್ತು, ಕನ್ನಡದ ಆಟ ಕಟ್ಟಹೊರಟವರು ಪ್ರತಿ ಪದವನ್ನೂ ಚಿತ್ರವಾಗಿ ಅಂಟಿಸಬೇಕಾಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಬಂದ ಗೊಡೊ 4 ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಗುಬ್ಬಿ, ನವಿಲು ಮುಂತಾದ ಕನ್ನಡ ಲಿಪಿಗಳೂ ಮುಕ್ತವಾಗಿ ಸಿಗುತ್ತವೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಿ ನೋಡಿ. ಅದು ಅಲ್ಲಿಗೆ ಬಂದದ್ದು ಸ್ವಯಂಸೇವಕರ ಅನುವಾದದಿಂದ. ರಾಜ್ಯ ಸರ್ಕಾರದ ಬೆಂಬಲವೂ ಇದೆ: ಆ್ಯನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಕರ್ನಾಟಕ 2012ರಲ್ಲೇ ನೀತಿ ರೂಪಿಸಿತು, ಮೂರನೆಯ ನೀತಿ 2024ರಿಂದ 2029ರವರೆಗಿನದು. ಅದರ ಫಲ ಬೆಂಗಳೂರಿನಿಂದ ಘಟ್ಟ ಇಳಿದು ಬರಬೇಕಾದರೆ ಕೇಳುವವರು ಇಲ್ಲಿರಬೇಕು.

ಮುಗಿಸುವ ಮುನ್ನ ಸಭೆಯ ಮುಂದೆ ಒಂದು ಪ್ರಸ್ತಾಪ. 2009ರಿಂದ ಜಗತ್ತಿನ ನಾನಾ ಊರುಗಳಲ್ಲಿ ಗ್ಲೋಬಲ್ ಗೇಮ್ ಜಾಮ್ ನಡೆಯುತ್ತಿದೆ. 48 ಗಂಟೆಗಳಲ್ಲಿ ಅಪರಿಚಿತರು ಸೇರಿ ಒಂದು ಆಟ ಮುಗಿಸುತ್ತಾರೆ. ಅಂಥದೊಂದನ್ನು ಕಾರವಾರ ಮತ್ತು ಅಂಕೋಲೆಯ ಕಾಲೇಜುಗಳು ಈ ಬೇಸಿಗೆ ರಜೆಯಲ್ಲಿ ಜೊತೆಯಾಗಿ ನಡೆಸಲಿ. ಪ್ರತಿ ತಂಡದಲ್ಲಿ ಕೋಡ್ ಬರೆಯುವ ಒಬ್ಬರು, ಚಿತ್ರ ಬಿಡಿಸುವ ಒಬ್ಬರು, ಚಂಡೆ ಅಥವಾ ಗುಮಟೆ ನುಡಿಸಬಲ್ಲ ಒಬ್ಬರು, ಜೊತೆಗೆ ಉಪ್ಪು, ಮೀನು, ಕಾಡು ಯಾವುದಾದರೊಂದನ್ನು ಕೈಯಾರೆ ಬಲ್ಲ ಒಬ್ಬ ಹಿರಿಯರು ಇರಲಿ. ನಿಯಮ ಮೂರೇ: ಆಟ ಹತ್ತು ನಿಮಿಷ ಮೀರಬಾರದು, ಈ ಕರಾವಳಿಯ ಒಂದು ಕೆಲಸವನ್ನು ಅದು ಕಲಿಸಬೇಕು, ಮಾತು ಕನ್ನಡ, ಕೊಂಕಣಿ ಅಥವಾ ಹಾಲಕ್ಕಿಯವರ ನುಡಿಯಲ್ಲಿರಬೇಕು. ಹೆಸರು ಕೊಡಲು ಇಚ್ಛಿಸುವ ವಿದ್ಯಾರ್ಥಿಗಳು ಸಭೆ ಮುಗಿದ ಮೇಲೆ ವೇದಿಕೆಯ ಬಳಿ ಬರಬಹುದು, ಪ್ರಶ್ನೆಗಳಿಗೂ ಸಮಯವಿದೆ.